ಏಳಡಿ ಅಗಲದ ನಿವೃತ್ತಿ

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನ ಹಳ್ಳಿ ಬ್ರಾನ್‌ಸ್ಟನ್. ಗ್ರ್ಯಾಂಡ್ ಯೂನಿಯನ್ ಕಾಲುವೆಯೂ ಆಕ್ಸ್‌ಫರ್ಡ್ ಕಾಲುವೆಯೂ ಕೂಡುವ ಜಾಗವಿದು. ಸಂಗಮದಲ್ಲಿ ಕಬ್ಬಿಣದ ಜೋಡಿ ಕಮಾನು ಸೇತುವೆ, ದಿಬ್ಬದ ಮೇಲೆ ಚರ್ಚಿನ ಚೂಪು ಗೋಪುರ, ಕೆಳಗೆ ಸಾಲುಗಟ್ಟಿ ನಿಂತ ಬಣ್ಣದ ಕಿರಿದಾದ ದೋಣಿಗಳು, ಅಂದರೆ ನ್ಯಾರೋಬೋಟ್‌ಗಳು. ಅಕ್ಟೋಬರ್ ಬಂತೆಂದರೆ ದಂಡೆಯ ಮೇಲೆ ಎರಡು ವಾಸನೆ ಸುಳಿಯುತ್ತವೆ: ಒಂದು ಕಲ್ಲಿದ್ದಲಿನ ಹೊಗೆಯದು, ಇನ್ನೊಂದು ಹಸಿ ಡಾಂಬರಿನದು.

ಡಾಂಬರು ಬಳಿಯುವುದು ನೀರು ಬಸಿದ ಡ್ರೈ ಡಾಕ್‌ನಲ್ಲಿ. ದಿಮ್ಮಿಗಳ ಮೇಲೆ ಕೂತ ಹಳೆಯ ದೋಣಿಯೊಂದರ ಸುತ್ತ, ಅರವತ್ತು ದಾಟಿದ ಗಂಡ ಹೆಂಡತಿ ದೋಣಿ ಪರೀಕ್ಷಿಸುವ ಸರ್ವೇಯರ್‌ನ ಹಿಂದೆ ನಡೆಯುತ್ತಿದ್ದಾರೆ. ಮನೆ ಮಾರಿ ಇದರಲ್ಲೇ ಕಾಯಂ ಇರುವುದೆಂಬ ತೀರ್ಮಾನ ಅವರದು. ಸರ್ವೇಯರ್ ತುಕ್ಕು ಕೆರೆದು, ಪುಟ್ಟ ಅಲ್ಟ್ರಾಸೌಂಡ್ ಯಂತ್ರವನ್ನು ಉಕ್ಕಿಗೆ ಒತ್ತಿ, ಬಂದ ದಪ್ಪದ ಅಂಕಿಯನ್ನು ಸೀಮೆಸುಣ್ಣದಲ್ಲಿ ಅಲ್ಲೇ ಬರೆಯುತ್ತಾನೆ. 5.6, 5.4, 5.5. ನೀರಿನ ಗೆರೆಯ ಹತ್ತಿರ ಬಂದಾಗ 4.3. ಹೆಂಡತಿ ಅಲ್ಲೇ ನಿಂತುಬಿಡುತ್ತಾರೆ. ಹೊಸ ದೋಣಿಗೆ ತಳದ ತಗಡು 10 ಮಿ.ಮೀ., ಪಕ್ಕದ್ದು 6 ಇರುವುದು ರೂಢಿ. 4ಕ್ಕಿಂತ ತೆಳುವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿ ಡಾಂಬರು ಬಳಿಸುವುದು ಇದೇ ತುಕ್ಕಿನ ಭಯಕ್ಕೆ.

ಒಳಗೆ ಹೋದರೆ ಇನ್ನೊಂದು ಲೆಕ್ಕ. ದೋಣಿಯನ್ನು ಏರಿಸಿ ಇಳಿಸಲು ಹದಿನೆಂಟನೇ ಶತಮಾನದಲ್ಲಿ ಕಿರಿದಾದ ಕಾಲುವೆಗಳಲ್ಲಿ ಕಟ್ಟಿದ ಲಾಕ್‌ಗಳ ಅಗಲ ಏಳಡಿ. ಹಾಗಾಗಿ ದೋಣಿಯದು 6 ಅಡಿ 10 ಇಂಚು. ಮಂಚ, ಒಲೆ, ಶೌಚಾಲಯ ಎಲ್ಲವೂ ಅಷ್ಟರೊಳಗೇ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಇಲ್ಲಿ ಬರೀ ಗಾದೆಯಲ್ಲ. ಆದರೆ ಸಾಮಾನು ಕಳೆಯುವುದು ತಯಾರಿಯ ಸುಲಭದ ಭಾಗ. ಮನೆ ಸದ್ದಿಲ್ಲದೆ ಮಾಡಿಕೊಡುತ್ತಿದ್ದ ಕೆಲಸಗಳನ್ನೆಲ್ಲ ಇನ್ನು ಕೈಯಾರೆ ಮಾಡಬೇಕು ಎಂಬುದಕ್ಕೆ ಒಗ್ಗಿಕೊಳ್ಳುವುದೇ ಕಷ್ಟ. ನೀರಿನ ಟ್ಯಾಂಕು ತುಂಬಿಸಲು ನಲ್ಲಿ ಇರುವ ಕಟ್ಟೆಗೆ ದೋಣಿ ಹೊಡೆಯಬೇಕು. ಶೌಚದ ಪೆಟ್ಟಿಗೆಯನ್ನು ಕೆಲ ದಿನಕ್ಕೊಮ್ಮೆ ಹೊತ್ತೊಯ್ದು ಖಾಲಿ ಮಾಡಬೇಕು. ಬಿಸಿಲು ಕಮ್ಮಿಯಾದರೆ ಸೋಲಾರ್ ಕೈಕೊಡುತ್ತದೆ; ಬ್ಯಾಟರಿಗಾಗಿ ಎಂಜಿನ್ ಓಡಿಸಬೇಕು.

ಕಾಗದಪತ್ರದ್ದೂ ಅಷ್ಟೇ. ವಿಮೆ, ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಪ್ರಮಾಣಪತ್ರ, 2012ರಿಂದ ಈ ಕಾಲುವೆಗಳನ್ನು ನೋಡಿಕೊಳ್ಳುತ್ತಿರುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ಲೈಸೆನ್ಸ್. ದೋಣಿ ಕಟ್ಟಲು ಸ್ವಂತ ಜಾಗ ಇಲ್ಲದವರು 1995ರ ಕಾಯ್ದೆಯ ಪ್ರಕಾರ ಒಂದು ಕಡೆ 14 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಸಾಗುತ್ತಲೇ ಇರಬೇಕು. ಹೀಗೆ ಕಾಯಂ ವಿಳಾಸವಿಲ್ಲದ್ದರಿಂದ ಪಿಂಚಣಿಯ ಪತ್ರ, ಬ್ಯಾಂಕಿನ ಕಾರ್ಡು ಬರಲು ಮಗಳದೋ ತಮ್ಮನದೋ ವಿಳಾಸ ಕೇಳಿಕೊಳ್ಳದೆ ವಿಧಿಯಿಲ್ಲ.

ಸಾಗುವುದಕ್ಕೆ ಮೈಯಲ್ಲಿ ಕಸುವು ಬೇಕು. ಪ್ರತಿ ಲಾಕ್‌ನಲ್ಲೂ ಇಳಿದು, ವಿಂಡ್‌ಲಾಸ್ ಎಂಬ ಹಿಡಿಕೆ ತಿರುಗಿಸಿ ತೂಬು ಎತ್ತಿ, ನೀರಿನ ಮಟ್ಟ ಸಮವಾದ ಮೇಲೆ ಮರದ ಭಾರೀ ಬಾಗಿಲಿಗೆ ಬೆನ್ನು ಕೊಟ್ಟು ದೂಡಬೇಕು. ಡಿವೈಸಸ್ ಊರಿನ ಬಳಿ ಎರಡು ಮೈಲಿಯೊಳಗೆ ಇಂಥ 29 ಲಾಕ್‌ಗಳಿವೆ. ಹತ್ತುವುದರಲ್ಲಿ ಒಂದು ಹಗಲು ಹೋಗುತ್ತದೆ.

ಈ ಬದುಕಿನ ಕನಸಿಗೆ ಪುಸ್ತಕರೂಪ ಕೊಟ್ಟವರು ಎಲ್.ಟಿ.ಸಿ. ರೋಲ್ಟ್. 1939ರಲ್ಲಿ ಹೆಂಡತಿಯೊಂದಿಗೆ ‘ಕ್ರೆಸಿ’ ಎಂಬ ದೋಣಿಯಲ್ಲಿ ಹೊರಟ ಅವರ ‘ನ್ಯಾರೋ ಬೋಟ್’ 1944ರಲ್ಲಿ ಅಚ್ಚಾಯಿತು. ಓದಿದವರ ಕಣ್ಣಿಗೆ ಕಟ್ಟುವುದು ಬೇಸಿಗೆಯ ಹಸಿರು. ಆದರೆ ತಲೆಮಾರುಗಳಿಂದ ದೋಣಿಯಲ್ಲೇ ಬದುಕಿದ್ದ ಸರಕು ಸಾಗಣೆಯ ಕುಟುಂಬಗಳಿಗೆ ಕೊನೆಯ ಪೆಟ್ಟು ಕೊಟ್ಟದ್ದು 1962-63ರ ಚಳಿಗಾಲ. ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ಸರಕು ಲಾರಿಯ ಪಾಲಾಯಿತು. ಈಗಲೂ ಲಾಕ್‌ಗಳ ದುರಸ್ತಿ ನಡೆಯುವುದು ಚಳಿಗಾಲದಲ್ಲೇ, ದಾರಿಗಳು ಮುಚ್ಚುತ್ತವೆ. ರಾತ್ರಿಯಿಡೀ ಒಲೆ ಆರಬಾರದು, ಅದರ ಹೊಗೆ ಒಳಗೆ ನಿಲ್ಲಲೂಬಾರದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ.

ಇಂಥ ಬದುಕಿನ ಆಸೆ ಇರುವವರು ಜುಲೈನಲ್ಲಿ ದೋಣಿ ನೋಡಿ ಮರುಳಾಗಬೇಡಿ. ಒಂದು ಜನವರಿಯನ್ನು ಬಾಡಿಗೆ ದೋಣಿಯಲ್ಲಿ ಕಳೆಯಿರಿ. ಆಮೇಲೂ ಆಸೆ ಉಳಿದಿದ್ದರೆ ಮನೆ ಮಾರಿ.