ಕಂಪವಾತ: ಕಾಲಿನ ಸೆಳೆತಕ್ಕೂ ಒಂದು ದಿನವಹಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಂಗಡಿಗಳಲ್ಲಿ ಹಿರಿಯರು ಗಲ್ಲಾದ ಮುಂದೆ ಗಂಟೆಗಟ್ಟಲೆ ಕೂರುವುದು ವಾಡಿಕೆ. ಅಂಥವರಿಗೆ ಪಾರ್ಕಿನ್ಸನ್ ಕಾಯಿಲೆ, ಅರ್ಥಾತ್ ಕಂಪವಾತವಿದ್ದಲ್ಲಿ, ಕಾಲಿನ ಸೆಳೆತವನ್ನು ವಯೋಸಹಜವೆಂದು ಕಡೆಗಣಿಸಬಾರದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ ಮಿದುಳಿನ ಡೋಪಮೈನ್ ಕುಂದುತ್ತದೆ. ಲೆವೊಡೋಪಾ ಮಾತ್ರೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದರೆ ಅದರ ಪ್ರಭಾವ ಕೆಲವೇ ಗಂಟೆಗಳದು. ಅದು ಇಳಿದಾಗ, ವಿಶೇಷವಾಗಿ ಬೆಳಗಿನ ಜಾವ, ಪಾದ ಒಳಕ್ಕೆ ತಿರುಚಿ ಬೆರಳುಗಳು ಮಡಚಿಕೊಳ್ಳಬಹುದು. ಇದನ್ನು ಡಿಸ್ಟೋನಿಯಾ ಎನ್ನುವರು.

ಆದ್ದರಿಂದ ಮಾತ್ರೆ ಸೇವಿಸಿದ ವೇಳೆಯನ್ನೂ ಸೆಳೆತ ಬಂದ ವೇಳೆಯನ್ನೂ ಒಂದು ವಾರ ದಿನವಹಿಯಂತೆ ಬರೆದಿಡಬೇಕು. ಮುಂದಿನ ಮಾತ್ರೆಗೆ ಮುಂಚೆ ಬರುವ ಸೆಳೆತಕ್ಕೂ, ಮಾತ್ರೆಯ ಪ್ರಭಾವ ಏರಿದಾಗ ಬರುವ ಸೆಳೆತಕ್ಕೂ ಚಿಕಿತ್ಸೆ ಬೇರೆ. ಅದನ್ನರಿತು ನರರೋಗ ತಜ್ಞರು ಮಾತ್ರೆಯ ಪ್ರಮಾಣವನ್ನೋ ವೇಳೆಯನ್ನೋ ಬದಲಿಸುವರು; ಅಗತ್ಯವಾದಲ್ಲಿ ಬೊಟುಲಿನಮ್ ಚುಚ್ಚುಮದ್ದನ್ನು ಸೂಚಿಸುವರು. ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅಪಾಯಕರ.

ಸೆಳೆತ ಬಂದಾಗ ಮಂಡಿಯನ್ನು ನೇರವಾಗಿರಿಸಿ ಪಾದವನ್ನು ಮೇಲ್ಮುಖವಾಗಿ ಎಳೆದು ಹಿಡಿಯುವುದು, ಮೀನಖಂಡವನ್ನು ನೀವುವುದು, ಹದವಾದ ಶಾಖ ಕೊಡುವುದು ಉಪಶಮನಕಾರಿ. ಬೀಳುವ ಸಂಭವವಿರುವುದರಿಂದ ಆಸರೆಯಿಲ್ಲದೆ ಎದ್ದು ನಿಲ್ಲಬಾರದು. ವ್ಯಾಪಾರದ ನಡುವೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕುವುದು ಹಿತಕರ.

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ ಹೋಗುವವರು ಔಷಧ ಚೀಟಿಯೊಡನೆ ಈ ದಿನವಹಿಯನ್ನೂ ಒಯ್ಯತಕ್ಕದ್ದು.