‘ಪುಟ್ ಅಪ್’ ಎಂದರೆ ಎಲ್ಲಿ ಇಟ್ಟರು?



ನಮ್ಮೂರ ಶಾಲೆಯ ಕನ್ನಡ ಪಠ್ಯಪುಸ್ತಕಗಳ ಬಗ್ಗೆ ಕಳೆದ ವರ್ಷ ಒಂದು ಕಚೇರಿಗೆ ಮನವಿ ಸಲ್ಲಿಸಿದ್ದೆವು. ಸಂವಿಧಾನದ 350ನೇ ವಿಧಿಯಂತೆ ಕನ್ನಡದಲ್ಲೇ ಕೊಡಬಹುದು, ಕೊಟ್ಟೆವು. ಉತ್ತರ ಬಂದದ್ದು ಇಂಗ್ಲಿಷಿನಲ್ಲಿ: ವಿಷಯವನ್ನು ‘ಪುಟ್ ಅಪ್’ ಮಾಡಲಾಗಿದೆ ಎಂದು. ಎಲ್ಲೋ ಅಂಟಿಸಿರಬೇಕೆಂದು ನಮ್ಮವರಿಬ್ಬರು ಹೋಗಿ ಸೂಚನಾಫಲಕ ನೋಡಿ ಬರಿಗೈಯಲ್ಲಿ ಬಂದರು. ಕಡತವನ್ನು ಮೇಲಧಿಕಾರಿಯ ಮುಂದೆ ಇಟ್ಟಿದ್ದಾರೆ ಎಂಬುದಷ್ಟೇ ಆ ಮಾತಿನ ಅರ್ಥ. ಮಂಜೂರಾಯಿತೆಂದೂ ಅಲ್ಲ, ತಳ್ಳಿಹಾಕಿದರೆಂದೂ ಅಲ್ಲ. ಇದು ತಿಳಿಯುವಷ್ಟರಲ್ಲಿ ಮೂರು ವಾರ ಹೋಗಿತ್ತು.

ಫಲಕ ನೋಡಲು ಹೋದವರದೂ ತಪ್ಪಲ್ಲ. ‘ಪುಟ್’ ಎಂದರೆ ಇಡು, ‘ಅಪ್’ ಎಂದರೆ ಮೇಲೆ. ಗೋಡೆಗೆ ಸೂಚನೆ ಹಚ್ಚುವುದು, ಚಪ್ಪರ ಹಾಕುವುದು, ದರ ಏರಿಸುವುದು ಎಲ್ಲವೂ ಪುಟ್ ಅಪ್. ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸುವುದೂ, ಬಂದ ನೆಂಟರನ್ನು ರಾತ್ರಿ ಉಳಿಸಿಕೊಳ್ಳುವುದೂ ಅದೇ. ಸಂದರ್ಶನದಲ್ಲಿ ‘ವೇರ್ ಆರ್ ಯೂ ಪುಟ್ ಅಪ್?’ ಎಂದರೆ ಎಲ್ಲಿ ಉಳಿದುಕೊಂಡಿದ್ದೀರಿ ಎಂದು ಕೇಳುತ್ತಿದ್ದಾರೆ, ಮಕ್ಕಳಿಗೆ ಹೇಳಿಕೊಡಿ.

ಬಾಲ ಸೇರಿದಾಗ ಇನ್ನೂ ಎಚ್ಚರ ಬೇಕು. ‘ಪುಟ್ ಅಪ್ ವಿತ್’ ಎಂದರೆ ಸಹಿಸು. ‘ವಿ ಕೆನಾಟ್ ಪುಟ್ ಅಪ್ ದಿಸ್’ ಎಂದು ಬರೆದರೆ ಕಚೇರಿಯವರು ‘ಇದನ್ನು ನಾವು ಮಂಡಿಸಲಾರೆವು’ ಎಂದು ಓದಿಕೊಂಡಾರು. ‘ವಿತ್’ ಇದ್ದರೆ ಮಾತ್ರ ‘ಇದನ್ನು ನಾವು ಸಹಿಸಲಾರೆವು’. ಒಬ್ಬರನ್ನು ಕೆಟ್ಟ ಕೆಲಸಕ್ಕೆ ಎತ್ತಿಕಟ್ಟಿದರೆ ಅದು ‘ಪುಟ್ ಹಿಮ್ ಅಪ್ ಟು ಇಟ್’. ವ್ಯಕ್ತಿ ನಡುವೆ ಬರುತ್ತಾನೆ. ನಮ್ಮ ಎತ್ತಿಕಟ್ಟುವುದೂ ಮೇಲಕ್ಕೇ ಅಲ್ಲವೇ!

ಇಂಗ್ಲಿಷಿನವರದು ವಿಚಿತ್ರ ಎಂದು ಮಕ್ಕಳು ಗೊಣಗಿದಾಗ ನಾನು ನಮ್ಮ ‘ಹಾಕು’ವನ್ನು ನೆನಪಿಸುತ್ತೇನೆ. ಅರ್ಜಿ ಹಾಕುತ್ತೇವೆ, ಬೀಗ ಹಾಕುತ್ತೇವೆ, ಪರರ ವಿಷಯಕ್ಕೆ ತಲೆ ಹಾಕುತ್ತೇವೆ. ಕೆಲಸವನ್ನು ಮುಂದೆ ಹಾಕಿದರೆ ಅದು ಹಿಂದುಳಿಯುತ್ತದೆ. ಎದುರಾಳಿಯನ್ನು ಹಿಂದೆ ಹಾಕಿದರೆ ನಾವು ಮುಂದಾಗುತ್ತೇವೆ. ಹೊಸದಾಗಿ ಕನ್ನಡ ಕಲಿಯುವವರ ಪಾಡು ಕೇಳಬೇಡಿ.

ಕಚೇರಿಯಿಂದ ಪುಟ್ ಅಪ್ ಎಂಬ ಉತ್ತರ ಬಂದರೆ ಸುಮ್ಮನಿರಬೇಡಿ. ಯಾರ ಮುಂದೆ, ಯಾವ ದಿನಾಂಕದಂದು ಇಟ್ಟರು, ಕಡತ ಸಂಖ್ಯೆ ಏನು ಎಂದು ಬರೆದು ಕೇಳಿ. ಅಂಥ ಪತ್ರಗಳಿದ್ದವರು ಮುಂದಿನ ಮಾಸಿಕ ಸಭೆಗೆ ತನ್ನಿ, ಒಟ್ಟಿಗೆ ಕೂತು ಓದೋಣ. ನಮ್ಮ ಮನವಿ ಇನ್ನೂ ಆ ಮೇಜಿನ ಮೇಲೆಯೇ ಇದೆ.