ಲೆಕ್ಕದ ಪುಸ್ತಕ ಹೇಳದ ಮಾತು

ಜವಳಿ ಅಂಗಡಿಯೊಂದರ ಧಣಿ ವರ್ಷಾಂತ್ಯದ ಲೆಕ್ಕ ನೋಡುತ್ತ ಕುಳಿತಿದ್ದಾನೆಂದು ಭಾವಿಸಿ. ವ್ಯಾಪಾರ ಇಳಿಮುಖವಾಗಿದೆ. ಇರುವ ಇಬ್ಬರು ಗುಮಾಸ್ತರಲ್ಲಿ ಒಬ್ಬರನ್ನು ಕೆಲಸದಿಂದ ಬಿಡಿಸದೆ ಗತ್ಯಂತರವಿಲ್ಲ. ಒಬ್ಬರು ಇಪ್ಪತ್ತು ವರ್ಷಗಳಿಂದ ಅದೇ ಅಂಗಡಿಯಲ್ಲಿ ಬಟ್ಟೆ ಹರವಿ, ಮಡಿಸಿ ತಲೆ ನರೆತವರು. ಇನ್ನೊಬ್ಬ ಈಚೆಗೆ ಸೇರಿದ ಚುರುಕು ತರುಣ. ಹಿರಿಯರ ಬಳಿಗೆ ಬಂದ 100 ಗಿರಾಕಿಗಳಲ್ಲಿ ಕೊಂಡು ಹೋದವರು 50 ಮಂದಿ. ತರುಣನ ಬಳಿಗೆ ಬಂದ 100 ಮಂದಿಯಲ್ಲಿ ಕೊಂಡವರು 70. ಇನ್ನು ಯೋಚಿಸುವುದೇನಿದೆ? ಹಿರಿಯರಿಗೆ ವಯಸ್ಸಾಯಿತು, ಗಿರಾಕಿಗಳನ್ನು ಒಲಿಸಿಕೊಳ್ಳುವ ಶಕ್ತಿ ಕುಂದಿತು ಎಂದು ಧಣಿ ನಿಶ್ಚಯಿಸುತ್ತಾನೆ.

ಒಂದು ಸಂಸಾರದ ಅನ್ನ ಆ ಎರಡು ಅಂಕಿಗಳ ಮೇಲೆ ನಿಂತಿದೆ. ಇದು ಎಲ್ಲಿಯೋ ನಡೆದ ಕಥೆಯಲ್ಲ. ‘ಡೇಟಾ ಅನಲಿಟಿಕ್ಸ್’ ಎಂಬ ಹೆಸರಿನಿಂದ ಇಂದು ಎಲ್ಲೆಡೆಯೂ ಕೇಳಿಬರುತ್ತಿರುವ ದತ್ತಾಂಶ ವಿಶ್ಲೇಷಣೆಯ ವಿದ್ಯೆಯನ್ನು ತಿಳಿಸಲು ಹೆಣೆದ ಲೆಕ್ಕ. ಧಣಿಯ ತೀರ್ಪು ಸರಿಯೇ, ತಪ್ಪೇ ಎಂಬ ಪ್ರಶ್ನೆಯನ್ನು ಓದುಗರು ಕ್ಷಣಕಾಲ ಮನಸ್ಸಿನಲ್ಲಿ ಇರಿಸಿಕೊಂಡಿರಲಿ. ಅದನ್ನು ಬಿಡಿಸುವ ವಿದ್ಯೆ ಈಗ ಮನೆಯ ಬಾಗಿಲಿಗೇ ಬಂದಿದೆ.

ಮನೆಗೆ ಬಂದ ಪಾಠಶಾಲೆ

ರಾತ್ರಿ ಊಟವಾಗಿ, ಮಕ್ಕಳು ಮಲಗಿ, ಬೀದಿಯ ಸದ್ದಡಗಿದ ಮೇಲೆ ಎಷ್ಟೋ ಮನೆಗಳಲ್ಲಿ ಒಂದು ದೀಪ ಮಾತ್ರ ಉರಿಯುತ್ತಿರುತ್ತದೆ. ಹಗಲೆಲ್ಲ ಕಚೇರಿಯಲ್ಲಿ ದುಡಿದು ಬಂದ ಗುಮಾಸ್ತನೋ, ಮದುವೆಯ ಕಾರಣದಿಂದ ಓದು ನಿಲ್ಲಿಸಿದ್ದ ಗೃಹಿಣಿಯೋ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಪರದೆಯ ಮೇಲೆ ಮೂಡುವ ಅಧ್ಯಾಪಕರ ಪಾಠ ಕೇಳುತ್ತ ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾರೆ. ಅರ್ಥವಾಗದಿದ್ದರೆ ಪಾಠವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಬಹುದು. ಹತ್ತು ಬಾರಿ ಕೇಳಿದರೂ ಈ ಗುರುಗಳು ಮುನಿಯುವುದಿಲ್ಲ.

ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಯೋಜನೆ 2003ರಲ್ಲಿ ಆರಂಭವಾಯಿತು. 2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆ ತೆರೆಯಿತು. ಎನ್‌ಪಿಟಿಇಎಲ್‌ನಲ್ಲಿ ಪಾಠ ಕೇಳುವುದಕ್ಕೆ ಹಣ ಕೊಡಬೇಕಾಗಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಶುಲ್ಕ ತೆತ್ತು ಪರೀಕ್ಷೆಗೆ ಕೂರಬೇಕು. 2020ರಲ್ಲಿ ಐಐಟಿ ಮದರಾಸು ದತ್ತಾಂಶ ವಿಜ್ಞಾನದಲ್ಲಿ ಪದವಿಯನ್ನೇ ಅಂತರ್ಜಾಲದ ಮೂಲಕ ಕಲಿಸತೊಡಗಿತು. ಅದಕ್ಕೆ ಜೆಇಇ ಎಂಬ ಕಠಿನ ಪ್ರವೇಶ ಪರೀಕ್ಷೆಯ ತಡೆಯಿಲ್ಲ. ಮೊದಲ ಕೆಲವು ವಾರಗಳ ಪಾಠವನ್ನು ಕಲಿಸಿ, ಆ ಪಾಠದಲ್ಲೇ ಪರೀಕ್ಷಿಸಿ, ಗೆದ್ದವರನ್ನು ಸೇರಿಸಿಕೊಳ್ಳುವ ಕ್ರಮ ಅಲ್ಲಿಯದು. ವಾರವಾರವೂ ಪಾಠ, ವಾರವಾರವೂ ಮನೆಗೆಲಸದ ಲೆಕ್ಕ. ಪಾಠ ಮನೆಯಲ್ಲೇ ಆದರೂ ಮುಖ್ಯ ಪರೀಕ್ಷೆಗಳನ್ನು ಗೊತ್ತಾದ ಕೇಂದ್ರಕ್ಕೆ ಹೋಗಿಯೇ ಬರೆಯಬೇಕು. ವ್ಯಾಪಾರದ ದತ್ತಾಂಶ ನಿರ್ವಹಣೆಯೂ ಪಠ್ಯವಿಷಯಗಳಲ್ಲೊಂದು.

ಕಾರ್ಖಾನೆಯ ‘ವಿದ್ಯಾರ್ಥಿ’

ಹೆಸರು ಹೊಸದಾದರೂ ವಿದ್ಯೆ ಹೊಸದಲ್ಲ. ಕಿರ್ದಿ ಬರೆದು, ಖಾತೆಗೆ ಏರಿಸಿ, ಯಾವ ತಿಂಗಳು ಯಾವ ಸರಕು ಓಡುತ್ತದೆಂದು ಲೆಕ್ಕ ಹಾಕಿದ ವ್ಯಾಪಾರಿಗಳೆಲ್ಲರೂ ತಮ್ಮ ಮಟ್ಟಿಗೆ ವಿಶ್ಲೇಷಕರೇ. ಆ ಅನುಭವಕ್ಕೆ ಶಾಸ್ತ್ರದ ಬಲ ಕೊಟ್ಟವರಲ್ಲಿ ವಿಲಿಯಂ ಗಾಸೆಟ್ ಒಬ್ಬರು.

ಅವರು 1899ರಲ್ಲಿ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಉದ್ಯೋಗಿಯಾಗಿ ಸೇರಿದರು. ಬಾರ್ಲಿಯ ಯಾವ ತಳಿ ಉತ್ತಮವೆಂದು ಕಂಡುಕೊಳ್ಳಬೇಕಿತ್ತು. ಆದರೆ ಸಾವಿರ ಬಾರಿ ಪರೀಕ್ಷಿಸಿ ನೋಡುವುದಕ್ಕೆ ಹೊಲವೂ ಇಲ್ಲ, ಸಮಯವೂ ಇಲ್ಲ. ನಾಲ್ಕಾರು ಪರೀಕ್ಷೆಗಳ ಫಲವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ಹೊತ್ತು ಗಾಸೆಟ್ 1906ರಲ್ಲಿ ಲಂಡನ್ನಿಗೆ ಹೋಗಿ, ಕಾರ್ಲ್ ಪಿಯರ್ಸನ್ ಅವರ ಪ್ರಯೋಗಾಲಯದಲ್ಲಿ ಕಲಿತರು. 1908ರಲ್ಲಿ ಅವರ ಉತ್ತರ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆ ಪ್ರಕಟಿಸಲು ಕಾರ್ಖಾನೆಯ ಅನುಮತಿಯಿರಲಿಲ್ಲ. ಆದ್ದರಿಂದ ಲೇಖನದ ಕೆಳಗೆ ‘ಸ್ಟೂಡೆಂಟ್’, ಎಂದರೆ ವಿದ್ಯಾರ್ಥಿ, ಎಂಬ ಹೆಸರಿತ್ತು. ಇಂದಿಗೂ ಸಂಖ್ಯಾಶಾಸ್ತ್ರದ ಪ್ರತಿಯೊಂದು ತರಗತಿಯಲ್ಲಿ ಆ ಹೆಸರಿನಿಂದಲೇ ಅದು ಪ್ರಸಿದ್ಧ. ಅಂದು ದುಡಿಯುವವನು ವಿದ್ಯೆಗಾಗಿ ಕಡಲು ದಾಟಬೇಕಾಯಿತು. ಇಂದು ವಿದ್ಯೆಯೇ ದುಡಿಯುವವನನ್ನು ಹುಡುಕಿಕೊಂಡು ಬರುತ್ತಿದೆ.

ಈ ಶಾಸ್ತ್ರದಲ್ಲಿ ಕನ್ನಡನಾಡಿನ ಮಣ್ಣಿಗೂ ಒಂದು ಪಾಲುಂಟು. ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಹೂವಿನಹಡಗಲಿಯ ತೆಲುಗು ಮನೆತನವೊಂದರಲ್ಲಿ. ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಹೋದ ಆ ತರುಣ 1941ರಲ್ಲಿ, ಪ್ರಶಾಂತಚಂದ್ರ ಮಹಲನೋಬಿಸ್ ಅವರು ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. 1945ರಲ್ಲಿ ಅವರು ಪ್ರಕಟಿಸಿದ ಲೇಖನವೊಂದು, ಕೈಯಲ್ಲಿರುವ ಮಾಹಿತಿಯಿಂದ ಮಾಡುವ ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ಮೇರೆಯನ್ನು ತೋರಿಸಿಕೊಟ್ಟಿತು. ಅವರು 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷ 102ರ ವಯಸ್ಸಿನಲ್ಲಿ ನಿಧನರಾದರು.

ಕಸ ಆರಿಸುವ ಕೆಲಸ

ಹೊಸದಾಗಿ ಕಲಿಯಬಂದವರು ಮೊದಲ ದಿನವೇ ಭವಿಷ್ಯ ನುಡಿಯುವ ಯಂತ್ರ ಕೈಗೆ ಬರುವುದೆಂದು ಎಣಿಸುತ್ತಾರೆ. ಮೊದಲು ಕೈಗೆ ಬರುವುದು ಮೊರ! ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಲೆಕ್ಕದಲ್ಲಿನ ತಪ್ಪುಗಳನ್ನು ಆರಿಸಬೇಕು. ಒಂದೆಡೆ ‘ಬೆಂಗಳೂರು’ ಎಂದೂ, ಇನ್ನೊಂದೆಡೆ ‘ಬ್ಯಾಂಗಲೂರ್’ ಎಂದೂ ಬರೆದಿದ್ದರೆ ಯಂತ್ರದ ಪಾಲಿಗೆ ಅವು ಎರಡು ಊರುಗಳು. ಒಂದೇ ರಸೀತಿ ಎರಡು ಸಲ ನಮೂದಾಗಿರಬಹುದು. ಗಿರಾಕಿಯ ವಯಸ್ಸು 5 ವರ್ಷವೆಂದೋ 500 ವರ್ಷವೆಂದೋ ಬಿದ್ದಿರಬಹುದು. ಇದನ್ನೆಲ್ಲ ಸರಿಪಡಿಸಿದ ಮೇಲೆಯೇ ಮುಂದಿನ ಮಾತು.

ಅನಂತರ ಸಲಕರಣೆಗಳ ಪರಿಚಯ. ಅಡ್ಡಸಾಲು ಕಂಬಸಾಲುಗಳಲ್ಲಿ ಲೆಕ್ಕ ಜೋಡಿಸುವ ಎಕ್ಸೆಲ್, ದೊಡ್ಡ ಭಂಡಾರದಿಂದ ಬೇಕಾದ ಸಂಗತಿಯನ್ನಷ್ಟೇ ಕೇಳಿ ಪಡೆಯುವ ಎಸ್‌ಕ್ಯೂಎಲ್, ಹೇಳಿದ ಕೆಲಸವನ್ನು ಬೇಸರವಿಲ್ಲದೆ ಮಾಡುವ ಪೈಥಾನ್. ಇವನ್ನು ಹಿಡಿದು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು: ಏನು ನಡೆಯಿತು? ಏಕೆ ನಡೆಯಿತು? ಮುಂದೆ ಏನು ನಡೆದೀತು? ಹಾಗಾದರೆ ಮಾಡಬೇಕಾದುದೇನು? ಜವಳಿ ಅಂಗಡಿಯ ಧಣಿ ಮೊದಲನೆಯ ಪ್ರಶ್ನೆಯಿಂದ ನಾಲ್ಕನೆಯದಕ್ಕೆ ಒಮ್ಮೆಲೇ ಹಾರಿದ್ದ, ಎಡವಿದ್ದು ಅಲ್ಲಿಯೇ.

ಮಗಳ ಪ್ರಶ್ನೆ

ಧಣಿಯ ಮಗಳು ಈ ಪಾಠ ಕಲಿಯುತ್ತಿರುವಳೆಂದು ಇಟ್ಟುಕೊಳ್ಳಿ. ತಂದೆಯ ಲೆಕ್ಕ ನೋಡಿ ಆಕೆ ಒಂದೇ ಮಾತು ಕೇಳುತ್ತಾಳೆ: “ಅಪ್ಪಾ, ಅವರ ಹತ್ತಿರ ಬಂದವರು ಏನು ಕೇಳಿಕೊಂಡು ಬಂದಿದ್ದರು?”

ಲೆಕ್ಕವನ್ನು ಬಿಡಿಸಿ ಹರವಿದಾಗ ಚಿತ್ರವೇ ಬದಲಾಗುತ್ತದೆ. ಹಿರಿಯರ 100 ಗಿರಾಕಿಗಳಲ್ಲಿ 80 ಮಂದಿ ರೇಷ್ಮೆ ಸೀರೆಗೆಂದು ಬಂದವರು. ಅವರಲ್ಲಿ 32 ಮಂದಿ, ಎಂದರೆ ಶೇಕಡಾ 40 ಮಂದಿ, ಕೊಂಡರು. ಪಂಚೆ ಟವಲುಗಳಿಗೆಂದು ಬಂದ 20 ಮಂದಿಯಲ್ಲಿ 18 ಮಂದಿ, ಎಂದರೆ ಶೇಕಡಾ 90. ತರುಣನ ಬಳಿಗೆ ರೇಷ್ಮೆಗೆಂದು ಬಂದವರು 20, ಕೊಂಡವರು 6, ಶೇಕಡಾ 30. ಪಂಚೆ ಟವಲುಗಳಿಗೆಂದು ಬಂದವರು 80, ಕೊಂಡವರು 64, ಶೇಕಡಾ 80. ರೇಷ್ಮೆಯಲ್ಲಿಯೂ ಹಿರಿಯರೇ ಮುಂದು, ಪಂಚೆಯಲ್ಲಿಯೂ ಹಿರಿಯರೇ ಮುಂದು. ಕೂಡಿಸಿದಾಗ ಮಾತ್ರ ಹಿಂದೆ! ನಾಲ್ಕು ಅಂಗಡಿ ಸುತ್ತಿ ಸೀರೆ ಆರಿಸುವ ಗಿರಾಕಿಯನ್ನು ಒಪ್ಪಿಸುವುದು ಕಷ್ಟದ ಕೆಲಸ. ನಂಬಿಕೆಯ ಮನುಷ್ಯರೆಂದು ಧಣಿಯೇ ಹಿರಿಯರನ್ನು ಆ ಗಾದಿಯಲ್ಲಿ ಕೂರಿಸಿದ್ದ. ಆ ನಂಬಿಕೆಗೆ ಸಲ್ಲಬೇಕಾದ ಗೌರವವೇ ಲೆಕ್ಕದಲ್ಲಿ ಅವರ ಅಪರಾಧವಾಗಿ ತೋರಿತು.

ಹಾಗೆಂದು ತರುಣನನ್ನು ಬಿಡಿಸಬೇಕೆಂದೂ ಆಕೆ ಹೇಳುವುದಿಲ್ಲ. ಅವನ ಬಳಿಗೆ ರೇಷ್ಮೆಗೆಂದು ಬಂದವರು 20 ಮಂದಿ ಮಾತ್ರ. ಅಷ್ಟರಿಂದಲೇ ಒಬ್ಬನ ಯೋಗ್ಯತೆಯನ್ನು ತೀರ್ಮಾನಿಸಲಾಗದೆಂಬುದು ಗಾಸೆಟ್ ಕಲಿಸಿದ ಎಚ್ಚರ.

ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸಿಂಪ್ಸನ್ನರ ವಿರೋಧಾಭಾಸ ಎನ್ನುತ್ತಾರೆ. ನಿಜಜೀವನದಲ್ಲಿಯೂ ಇದು ಕಾಣಿಸಿಕೊಂಡದ್ದುಂಟು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇಕಡಾ 44 ಮಂದಿಗೂ, ಸ್ತ್ರೀಯರಲ್ಲಿ ಸುಮಾರು ಶೇಕಡಾ 35 ಮಂದಿಗೂ ಪ್ರವೇಶ ದೊರೆತಿತ್ತು. ಮೇಲ್ನೋಟಕ್ಕೆ ಪಕ್ಷಪಾತ ಸ್ಪಷ್ಟ. ಆದರೆ ವಿಭಾಗವಾರು ನೋಡಿದಾಗ ಸ್ತ್ರೀಯರ ವಿರುದ್ಧ ಅಂಥ ಪಕ್ಷಪಾತ ಕಾಣಲಿಲ್ಲ. ಸೀಟು ಸಿಕ್ಕುವುದು ದುರ್ಲಭವಾಗಿದ್ದ ವಿಭಾಗಗಳಿಗೇ ಹೆಚ್ಚಾಗಿ ಸ್ತ್ರೀಯರು ಅರ್ಜಿ ಹಾಕಿದ್ದರು. ಈ ವಿವರಣೆ 1975ರಲ್ಲಿ ಪ್ರಕಟವಾಯಿತು.

ಹಿಂದಿರುಗದವರ ಸಾಕ್ಷ್ಯ

ಇನ್ನೊಂದು ಪಾಠ ಯುದ್ಧಕಾಲದ್ದು. ಎರಡನೆಯ ಮಹಾಯುದ್ಧದಲ್ಲಿ ಹಿಂದಿರುಗಿದ ವಿಮಾನಗಳ ಮೈಮೇಲಿನ ಗುಂಡಿನ ತೂತುಗಳನ್ನು ಅಮೆರಿಕದಲ್ಲಿ ಲೆಕ್ಕಹಾಕುತ್ತಿದ್ದರು. ತೂತು ಹೆಚ್ಚಿರುವೆಡೆ ಕವಚ ಹೊದಿಸಬೇಕೆಂದು ಯಾರಿಗಾದರೂ ತೋರುತ್ತದೆ. ಗಣಿತಜ್ಞ ಅಬ್ರಹಾಂ ವಾಲ್ಡರ ವಿಚಾರಸರಣಿ ಬೇರೆ. ಅಲ್ಲಿ ಪೆಟ್ಟು ತಿಂದೂ ಇವು ಬದುಕಿ ಬಂದಿವೆ. ಇವುಗಳಲ್ಲಿ ತೂತು ಕಾಣದ ಭಾಗಕ್ಕೆ ಪೆಟ್ಟು ಬಿದ್ದವು ಹಿಂದಿರುಗಲೇ ಇಲ್ಲ. ಕವಚ ಬೇಕಾದುದು ಅಲ್ಲಿಗೆ. ಅಂಗಡಿಗೂ ಇದೇ ನ್ಯಾಯ: ರಸೀತಿ ಪುಸ್ತಕದಲ್ಲಿ ಕೊಂಡವರ ಹೆಸರಿದೆಯೇ ಹೊರತು, ಮನನೊಂದು ಮತ್ತೆ ಬಾರದವರ ಹೆಸರಿಲ್ಲ. ಈ ವಾಲ್ಡ್ ದಂಪತಿಗಳು 1950ರ ಡಿಸೆಂಬರಿನಲ್ಲಿ ಭಾರತ ಪ್ರವಾಸದಲ್ಲಿದ್ದಾಗ ನೀಲಗಿರಿಯ ಬೆಟ್ಟದಲ್ಲಿ ನಡೆದ ವಿಮಾನಾಪಘಾತದಲ್ಲಿಯೇ ತೀರಿಕೊಂಡರೆಂಬುದು ವಿಧಿಯ ವೈಚಿತ್ರ್ಯ.

ಮನೆಯಲ್ಲಿ ಕುಳಿತು ಕಲಿಯುವ ದಾರಿ ಸುಗಮವೆಂದು ಯಾರೂ ಭ್ರಮಿಸಬೇಕಾಗಿಲ್ಲ. ಹೆಸರು ನೋಂದಾಯಿಸಿದವರಲ್ಲಿ ಬಹುಮಂದಿ ನಡುದಾರಿಯಲ್ಲೇ ಬಿಟ್ಟುಬಿಡುತ್ತಾರೆ. ಪಕ್ಕದ ಬೆಂಚಿನ ಗೆಳೆಯನಿಲ್ಲ. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿ. ದಿನಕ್ಕೊಂದು ಗಂಟೆಯನ್ನು ಗೊತ್ತುಮಾಡಿಕೊಂಡು, ತಮ್ಮದೇ ಬೀದಿಯ ಅಂಗಡಿಯ ಲೆಕ್ಕದ ಮೇಲೆ ಅಭ್ಯಾಸ ಮಾಡುವವರಿಗೆ ವಿದ್ಯೆ ದಕ್ಕುತ್ತದೆ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಬಹುದು; ತೀರ್ಪಿನ ಹೊತ್ತಿಗೆ ಒದಗುವುದು ಕೇಳಬೇಕಾದ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾತ್ರ. ಗಿರಾಕಿಗಳ ಮಾಹಿತಿ ಅವರ ಸೊತ್ತೆಂಬ ಎಚ್ಚರವೂ ಇರಬೇಕು. ಅದನ್ನು ಕಾಯುವುದಕ್ಕಾಗಿ 2023ರಲ್ಲಿ ಕಾಯಿದೆಯೇ ಆಗಿದೆ.

ಅಂಗಡಿಯ ಧಣಿ ಕೊನೆಗೆ ಏನು ಮಾಡಿದ? ಅಂಕಿಗಳು ಅದನ್ನು ಹೇಳುವುದಿಲ್ಲ. ವ್ಯಾಪಾರ ಇಳಿದಿರುವುದು ನಿಜ. ಒಬ್ಬರನ್ನು ಬಿಡಿಸಬೇಕೆ, ಇಬ್ಬರನ್ನೂ ಉಳಿಸಿಕೊಂಡು ಬೇರೆ ಖರ್ಚು ತಗ್ಗಿಸಬೇಕೆ ಎಂಬುದನ್ನು ಆತನೇ ನಿರ್ಧರಿಸಬೇಕು. ಲೆಕ್ಕ ದೀಪವನ್ನು ಹಿಡಿದೀತು, ನಡೆಯಬೇಕಾದವನು ಮನುಷ್ಯನೇ. ಆದರೆ ಆ ರಾತ್ರಿ ಮಗಳು ಒಂದು ಪ್ರಶ್ನೆ ಕೇಳಿದ್ದರಿಂದ, ಇಪ್ಪತ್ತು ವರ್ಷ ದುಡಿದ ಹಿರಿಯರು ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗುವುದು ತಪ್ಪಿತು.